ಮನೆಯೆಂಬ ಮದ್ರಸ: ಬೇರೆ ಬೇರೆ ವಯಸ್ಸಿನ ಮಕ್ಕಳಿಗೆ ನಾಲ್ಕು ವರ್ಷಗಳ ಪಾಠಕ್ರಮ

ತಮ್ಮನ್ನೂ ತಮ್ಮ ಮನೆಯವರನ್ನೂ ನರಕಾಗ್ನಿಯಿಂದ ರಕ್ಷಿಸಿಕೊಳ್ಳಬೇಕೆಂದು ಅಲ್ಲಾಹನು ಸತ್ಯವಿಶ್ವಾಸಿಗಳಿಗೆ ಆದೇಶಿಸಿರುವನು (ಅತ್ತಹ್ರೀಮ್: 6). ಈ ಆದೇಶ ಮೊದಲು ತಲುಪುವುದು ಮನೆಯ ತಂದೆತಾಯಿಯರಿಗೆ. ಮದ್ರಸದ ಉಸ್ತಾದರು ಈ ಹೊಣೆಯಲ್ಲಿ ನಮಗೆ ನೆರವಾಗುತ್ತಾರೆ. ಆದರೆ ಹೊಣೆಯನ್ನೇ ಅವರ ಹೆಗಲಿಗೆ ದಾಟಿಸಿ ನಾವು ಹಗುರಾಗಲು ಸಾಧ್ಯವಿಲ್ಲ. ನಾಳೆ ಪರಲೋಕದಲ್ಲಿ ನಮ್ಮ ಮಕ್ಕಳ ಕುರಿತು ಪ್ರಶ್ನೆ ಬರುವುದು ನಮ್ಮಲ್ಲಿಗೇ.

ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ನಡೆಯುವುದನ್ನು ನೋಡಿರಿ. ಐದನೇ ವಯಸ್ಸಿಗೆ ಮಗು ಮದ್ರಸಕ್ಕೆ ಹೋಗತೊಡಗುತ್ತದೆ. ಅಕ್ಷರ ಕಲಿಯುತ್ತದೆ, ಕುರ್‌ಆನ್ ಓದಲು ಕಲಿಯುತ್ತದೆ, ವುಝೂ ಮತ್ತು ನಮಾಝ್ ಕಲಿಯುತ್ತದೆ. ಹೈಸ್ಕೂಲಿಗೆ ಬರುವಷ್ಟರಲ್ಲಿ ಟ್ಯೂಶನ್ ಆರಂಭವಾಗುತ್ತದೆ. ಎಸ್ಸೆಸ್ಸೆಲ್ಸಿ ಹತ್ತಿರ ಬಂದಂತೆ ಮದ್ರಸ ನಿಂತುಹೋಗುತ್ತದೆ. ಅಲ್ಲಿಂದ ಮುಂದೆ ಆ ಮಗುವಿನ ಲೆಕ್ಕ, ವಿಜ್ಞಾನ, ಇಂಗ್ಲಿಷ್ ಎಲ್ಲವೂ ಬೆಳೆಯುತ್ತವೆ. ಧರ್ಮದ ಅರಿವು ಮಾತ್ರ ಹತ್ತನೇ ವಯಸ್ಸಿನಲ್ಲಿ ಎಷ್ಟಿತ್ತೋ ಅಷ್ಟೇ ಉಳಿಯುತ್ತದೆ. ಹದಿನೇಳನೇ ವಯಸ್ಸಿನಲ್ಲಿ ಕಾಲೇಜಿನ ಗೆಳೆಯನೊಬ್ಬ, 'ನಿಮ್ಮಲ್ಲಿ ಬಡ್ಡಿ ಏಕೆ ನಿಷಿದ್ಧ?' ಎಂದು ಕೇಳಿದರೆ ಅವನಲ್ಲಿ ಉತ್ತರವಿಲ್ಲ. ಮನೆಯಲ್ಲಿ ಸಾವೋ ನಷ್ಟವೋ ಸಂಭವಿಸಿ, 'ಅಲ್ಲಾಹನು ಹೀಗೇಕೆ ಮಾಡಿದ?' ಎಂಬ ಪ್ರಶ್ನೆ ಅವನ ಮನಸ್ಸಿನೊಳಗೆ ಎದ್ದರೆ ಅದಕ್ಕೂ ಅವನಲ್ಲಿ ಉತ್ತರವಿಲ್ಲ. ಹತ್ತನೇ ವಯಸ್ಸಿನಲ್ಲಿ ಹೊಲಿಸಿದ ಅಂಗಿ ಹದಿನೇಳನೇ ವಯಸ್ಸಿನಲ್ಲಿ ಮೈಗೆ ಹಿಡಿಯುವುದಿಲ್ಲವೆಂದು ನಮಗೆ ಗೊತ್ತು. ಪ್ರತಿ ಈದ್‌ಗೂ ಹೊಸ ಅಳತೆ ಕೊಡಿಸುತ್ತೇವೆ. ಅರಿವಿಗೆ ಮಾತ್ರ ಹೊಸ ಅಳತೆ ತೆಗೆಯುವವರಿಲ್ಲ.

ಇದನ್ನು ಅರಿತ ಕೆಲವು ತಾಯಂದಿರು ಮನೆಯಲ್ಲೇ ಪಾಠ ಆರಂಭಿಸುತ್ತಾರೆ. ಐದು ವರ್ಷದ ಮಗುವಿಗೆ ಒಂದು ಪುಸ್ತಕ, ಎಂಟು ವರ್ಷದವಳಿಗೆ ಇನ್ನೊಂದು, ಹನ್ನೆರಡು ವರ್ಷದವನಿಗೆ ಮತ್ತೊಂದು. ಒಬ್ಬನಿಗೆ ಪಾಠ ಹೇಳುವಾಗ ಇನ್ನಿಬ್ಬರ ಜಗಳ. ಒಲೆಯ ಮೇಲೆ ಅನ್ನ. ತಿಂಗಳು ಕಳೆಯುವುದರೊಳಗೆ ತಾಯಿ ದಣಿದು, ತನ್ನಿಂದ ಇದು ಆಗದೆಂದು ಕೈಬಿಡುತ್ತಾಳೆ. ಅವಳಲ್ಲಿ ಶ್ರದ್ಧೆಗೆ ಕೊರತೆಯಿರಲಿಲ್ಲ. ಮೂರು ಶಾಲೆಗಳನ್ನು ಒಬ್ಬಳೇ ನಡೆಸಲು ಹೊರಟದ್ದರಿಂದ ಹೀಗಾಯಿತು. ಒಂದೇ ಶಾಲೆಯನ್ನು, ಒಂದೇ ಪಾಠದಿಂದ, ಎಲ್ಲರಿಗೂ ನಡೆಸುವ ದಾರಿಯಿದೆ. ಅದನ್ನು ನಾಲ್ಕು ವರ್ಷಗಳಿಗೆ ಹೇಗೆ ಯೋಜಿಸಬಹುದೆಂಬುದೇ ಈ ಲೇಖನದ ವಿಷಯ.

ಶಾಲೆಯನ್ನೋ ಮದ್ರಸವನ್ನೋ ಬಿಡಿಸಬೇಕೆಂದು ಇಲ್ಲಿ ಹೇಳುತ್ತಿಲ್ಲ. 2010ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯು 6ರಿಂದ 14 ವರ್ಷದ ಮಕ್ಕಳ ಶಾಲಾ ಶಿಕ್ಷಣವನ್ನು ಅವರ ಹಕ್ಕೆಂದು ಸಾರಿದೆ. ಮಕ್ಕಳು ಶಾಲೆಯಲ್ಲಿ ಚೆನ್ನಾಗಿ ಓದಲಿ, ಮದ್ರಸದಲ್ಲಿ ಉಸ್ತಾದರಿಂದ ಕಲಿಯಲಿ. ಅವೆರಡರ ಬೇರು ಮನೆಯಲ್ಲಿ ಇಳಿಯಲಿ ಎಂಬುದಷ್ಟೇ ನಮ್ಮ ಆಶಯ.

ಒಂದೇ ಪಾಠ, ಬೇರೆ ಬೇರೆ ಆಳ

ಬೇರೆ ಬೇರೆ ವಯಸ್ಸಿನವರು ಒಂದೇ ಪಾಠದಿಂದ ಕಲಿಯಬಲ್ಲರೇ? ಸಹೀಹುಲ್ ಬುಖಾರಿಯಲ್ಲಿರುವ ಒಂದು ಘಟನೆಯಲ್ಲಿ ಇದಕ್ಕೆ ಉತ್ತರವಿದೆ. ಹ. ಉಮರ್(ರ) ತಮ್ಮ ಸಭೆಯಲ್ಲಿ ಬದ್ರ್‌ನಲ್ಲಿ ಭಾಗವಹಿಸಿದ್ದ ಹಿರಿಯರ ಜೊತೆ ತರುಣ ಇಬ್ನು ಅಬ್ಬಾಸ್(ರ)ರನ್ನೂ ಕೂರಿಸಿಕೊಳ್ಳುತ್ತಿದ್ದರು. ನಮಗೂ ಇಷ್ಟೇ ವಯಸ್ಸಿನ ಮಕ್ಕಳಿರುವರಲ್ಲ ಎಂದು ಒಬ್ಬರು ಆಕ್ಷೇಪಿಸಿದರು. ಆಗ ಉಮರ್(ರ) ಎಲ್ಲರೂ ಇದ್ದ ಒಂದು ದಿನ ಸೂರಃ ಅನ್ನಸ್ರ್‌ನ ಅರ್ಥವನ್ನು ಕೇಳಿದರು. ಅದು ಮೂರೇ ಸೂಕ್ತಗಳ ಪುಟ್ಟ ಅಧ್ಯಾಯ. ಸಹಾಯವೂ ವಿಜಯವೂ ಬಂದಾಗ ಅಲ್ಲಾಹನನ್ನು ಸ್ತುತಿಸಿ ಕ್ಷಮೆ ಯಾಚಿಸಬೇಕೆಂದು ಇದರಲ್ಲಿ ಆದೇಶವಿದೆ ಎಂದು ಕೆಲವರು ಹೇಳಿದರು. ಕೆಲವರು ಮೌನವಾಗಿದ್ದರು. ಪ್ರವಾದಿವರ್ಯರ(ಸ) ಆಯುಷ್ಯ ಮುಗಿಯುತ್ತ ಬಂದಿರುವುದನ್ನು ಅಲ್ಲಾಹನು ಇದರ ಮೂಲಕ ಅವರಿಗೆ ತಿಳಿಸಿದನೆಂದು ಇಬ್ನು ಅಬ್ಬಾಸ್(ರ) ಹೇಳಿದರು. ತಾವೂ ಹಾಗೆಯೇ ಅರಿತಿರುವುದಾಗಿ ಉಮರ್(ರ) ಒಪ್ಪಿದರು.

ಮೂರು ಸೂಕ್ತಗಳು, ಒಂದೇ ಸಭೆ. ಪ್ರತಿಯೊಬ್ಬನೂ ತನ್ನ ಪಾತ್ರೆಯಷ್ಟು ತುಂಬಿಕೊಂಡ. ನಿಮ್ಮ ಮನೆಯ ಚಾಪೆಯ ಮೇಲೂ ಇದು ಸಾಧ್ಯ. ಇದೇ ಅಧ್ಯಾಯವನ್ನು ಐದು ವರ್ಷದ ಮಗು ಬಾಯಿಪಾಠ ಮಾಡಲಿ. ಎಂಟು ವರ್ಷದವಳು ಮಕ್ಕಾ ವಿಜಯದ ಕತೆ ಕೇಳಲಿ. ಹನ್ನೆರಡು ವರ್ಷದವನು, ಗೆದ್ದಾಗ ಮನುಷ್ಯ ಏಕೆ ಕ್ಷಮೆ ಕೇಳಬೇಕು ಎಂದು ಯೋಚಿಸಲಿ.

ಆದ್ದರಿಂದ ಮಕ್ಕಳನ್ನು ಮೂರು ಮೆಟ್ಟಿಲುಗಳಲ್ಲಿ ಕಾಣಿರಿ. ಐದರಿಂದ ಏಳು ವರ್ಷದವರು 'ಕೇಳುವವರು'. ಕತೆ ಕೇಳುವುದು, ಬಾಯಿಪಾಠ, ಅನುಕರಣೆ ಇಷ್ಟೇ ಅವರ ಪಾಠ. ಎಂಟರಿಂದ ಹನ್ನೊಂದು ವರ್ಷದವರು 'ಹೇಳುವವರು'. ಕೇಳಿದ್ದನ್ನು ತಮ್ಮ ಮಾತಿನಲ್ಲಿ ತಿರುಗಿ ಹೇಳಬೇಕು, ಎರಡು ಸಾಲು ಬರೆಯಬೇಕು. ಹನ್ನೆರಡು ದಾಟಿದವರು 'ವಿಚಾರಿಸುವವರು'. ಅವರು ಕಾರಣ ಕೇಳಬೇಕು, ಕುರ್‌ಆನಿನ ಕನ್ನಡ ಅನುವಾದ ತೆರೆದು ನೋಡಬೇಕು, ಇಂದಿನ ಬದುಕಿಗೆ ಹೋಲಿಸಬೇಕು.

ಕ್ರಮಕ್ಕೆ ಆಧಾರ

ಏನನ್ನು ಮೊದಲು, ಏನನ್ನು ಅನಂತರ ಕಲಿಸಬೇಕು? ಕುರ್‌ಆನ್ ಒಂದೇ ಸಲಕ್ಕೆ ಇಳಿಯಲಿಲ್ಲ. ಸುಮಾರು 23 ವರ್ಷಗಳಲ್ಲಿ ಹಂತ ಹಂತವಾಗಿ ಅವತೀರ್ಣಗೊಂಡಿತು. ಮೊದಲು ಸ್ವರ್ಗ ನರಕಗಳನ್ನು ಪ್ರಸ್ತಾಪಿಸುವ ಅಧ್ಯಾಯಗಳು ಬಂದವು, ಜನರ ಮನಸ್ಸು ಇಸ್ಲಾಮಿನಲ್ಲಿ ನೆಲೆಗೊಂಡ ಮೇಲೆ ವಿಧಿ ನಿಷೇಧಗಳು ಬಂದವು ಎಂದು ಹ. ಆಇಶಾ(ರ) ವಿವರಿಸಿದ್ದಾರೆ. ಪ್ರವಾದಿವರ್ಯರ(ಸ) ಜೊತೆ ತಾವು ಹದಿಹರೆಯಕ್ಕೆ ಕಾಲಿಡುತ್ತಿದ್ದ ಹುಡುಗರಾಗಿದ್ದಾಗ, ಕುರ್‌ಆನ್ ಕಲಿಯುವ ಮೊದಲು ಈಮಾನ್ ಕಲಿತೆವು, ಅನಂತರ ಕುರ್‌ಆನ್ ಕಲಿತಾಗ ಅದರಿಂದ ಈಮಾನ್ ಹೆಚ್ಚಿತು ಎಂದು ಹ. ಜುಂದುಬ್(ರ) ಹೇಳಿರುವುದು ಇಬ್ನುಮಾಜಃದಲ್ಲಿದೆ. ಅಲ್ಲಾಹನ ಮೇಲಿನ ಪ್ರೀತಿ ಬೇರೂರುವ ಮೊದಲೇ ನಿಷೇಧಗಳ ಪಟ್ಟಿಯನ್ನು ಒಪ್ಪಿಸಿದರೆ, ಮಗುವಿಗೆ ಧರ್ಮವೆಂದರೆ 'ಬೇಡ, ಬೇಡ' ಎನ್ನುವ ದನಿ ಮಾತ್ರವಾಗಿ ಕೇಳಿಸುತ್ತದೆ.

ಲುಕ್ಮಾನರು ಮಗನಿಗೆ ನೀಡಿದ ಉಪದೇಶವನ್ನು (31: 13-19) ಪಾಠಕ್ರಮದ ದೃಷ್ಟಿಯಿಂದ ಒಮ್ಮೆ ಓದಿರಿ. ಮೊದಲು, ಅಲ್ಲಾಹನಿಗೆ ಸಹಭಾಗಿಗಳನ್ನು ಕಲ್ಪಿಸಬಾರದೆಂಬ ಮಾತು. ಅದಕ್ಕೆ ಸೇರಿಕೊಂಡಂತೆ ತಾಯಿತಂದೆಯರ ಹಕ್ಕಿನ ಕುರಿತು ಅಲ್ಲಾಹನ ಆದೇಶ. ಬಳಿಕ, ಸಾಸಿವೆ ಕಾಳಿನಷ್ಟು ಕರ್ಮ ಬಂಡೆಯೊಳಗೆ ಅಡಗಿದ್ದರೂ ಅಲ್ಲಾಹನ ಅರಿವಿನಿಂದ ತಪ್ಪದೆಂಬ ಎಚ್ಚರ. ಅದರ ನಂತರ ನಮಾಝ್, ಒಳಿತಿನ ಆದೇಶ, ಕೆಡುಕಿನ ತಡೆ, ಸಹನೆ. ಕೊನೆಗೆ ಜನರೊಂದಿಗಿನ ವರ್ತನೆ: ಅಹಂಕಾರದಿಂದ ಮುಖ ತಿರುಗಿಸದಿರುವುದು, ಹದವಾದ ನಡಿಗೆ, ತಗ್ಗಿದ ದನಿ. ನಂಬಿಕೆಯಿಂದ ಆರಾಧನೆಗೆ, ಆರಾಧನೆಯಿಂದ ನಡತೆಗೆ. ನಮ್ಮ ನಾಲ್ಕು ವರ್ಷಗಳ ಯೋಜನೆಯೂ ಇದೇ ಜಾಡಿನಲ್ಲಿ ಸಾಗಲಿ.

ವಯಸ್ಸಿನ ಹಂತಗಳಿಗೂ ಹದೀಸಿನಲ್ಲಿ ಮಾರ್ಗದರ್ಶನವಿದೆ. ಏಳನೇ ವಯಸ್ಸಿಗೆ ನಮಾಝ್‌ಗೆ ಆದೇಶಿಸಬೇಕು, ಹತ್ತರ ಬಳಿಕವೇ ಬಿಗಿ ತೋರಬೇಕು. ನಡುವೆ ಮೂರು ವರ್ಷಗಳ ತಾಳ್ಮೆಯ ಕಾಲವಿದೆ. ದಿನಕ್ಕೆ ಐದು ಸಲದಂತೆ ಲೆಕ್ಕ ಹಾಕಿದರೆ ಈ ಮೂರು ವರ್ಷಗಳಲ್ಲಿ ಐದು ಸಾವಿರಕ್ಕೂ ಹೆಚ್ಚು ಬಾರಿ ಮೃದುವಾಗಿ ಕರೆಯುವ ಅವಕಾಶ ನಿಮಗಿದೆ. ಐದು ವರ್ಷದ ಮಗು ಸಾಲಿನಿಂದ ಓಡಿಹೋದರೆ ಗದರಬೇಡಿರಿ. ಅದರ ಸರದಿ ಇನ್ನೂ ಬಂದಿಲ್ಲ.

ದಿನವೂ ಬದಲಾಗದ ಮೂರು

ಯೋಜನೆಯಲ್ಲಿ ಎರಡು ಭಾಗಗಳಿರಲಿ: ವರ್ಷಕ್ಕೊಮ್ಮೆ ಬದಲಾಗುವ ವಿಷಯ, ಎಂದೂ ಬದಲಾಗದ ನಿತ್ಯಪಾಠ. ನಿತ್ಯಪಾಠ ಮೂರೇ ಇರಲಿ.

ಮೊದಲನೆಯದು, ಮನೆಯವರೆಲ್ಲ ಕೂಡಿ ನಿರ್ವಹಿಸುವ ಒಂದು ನಮಾಝ್. ಗಂಡುಮಕ್ಕಳು ಮಸೀದಿಗೆ ಹೋಗುವ ಮನೆಯಲ್ಲಿ ತಾಯಿ ಹೆಣ್ಣುಮಕ್ಕಳನ್ನೂ ಪುಟ್ಟವರನ್ನೂ ಜೊತೆಗೆ ನಿಲ್ಲಿಸಿಕೊಳ್ಳಲಿ.

ಎರಡನೆಯದು, ಕುರ್‌ಆನಿನ ಕೆಲವು ಸೂಕ್ತಗಳು. ಕೊನೆಯ ಕಾಂಡವಾದ 'ಅಮ್ಮ'ದಲ್ಲಿ 37 ಅಧ್ಯಾಯಗಳು, 564 ಸೂಕ್ತಗಳಿವೆ. ವಾರಕ್ಕೆ ಕೇವಲ ಮೂರು ಸೂಕ್ತಗಳಂತೆ ವರ್ಷಕ್ಕೆ 47 ವಾರ ಕಲಿತರೆ ನಾಲ್ಕು ವರ್ಷಗಳಲ್ಲಿ ಸರಿಯಾಗಿ 564 ಸೂಕ್ತಗಳಾಗುತ್ತವೆ. ಜ್ವರ, ಮದುವೆ, ಪ್ರಯಾಣಗಳಿಗೆಂದು ವರ್ಷದಲ್ಲಿ ಐದು ವಾರ ಉಳಿದೇ ಇರುತ್ತದೆ. ಕೊನೆಯಿಂದ ಆರಂಭಿಸಿದರೆ ಮೊದಲ ವರ್ಷದಲ್ಲೇ ಅನ್ನಾಸ್‌ನಿಂದ ಅತ್ತೀನ್‌ವರೆಗೆ 20 ಅಧ್ಯಾಯಗಳು ಮುಗಿಯುತ್ತವೆ. ಹಿರಿಯ ಮಗನಿಗೆ ಇವು ಮದ್ರಸದಲ್ಲೇ ಬಾಯಿಪಾಠವಾಗಿರಬಹುದು. ಅವನು ಆ ಮೂರು ಸೂಕ್ತಗಳ ಅರ್ಥವನ್ನು ಕನ್ನಡದಲ್ಲಿ ಹೇಳಲಿ. ಪುಟ್ಟದಕ್ಕೆ ಮೂರು ಹೆಚ್ಚಾದರೆ ಒಂದೇ ಸಾಕು. ಮನೆಮಾತು ಬ್ಯಾರಿಯಿರಲಿ, ಉರ್ದುವಿರಲಿ, ನವಾಯತಿಯಿರಲಿ, ಶಾಲೆಯಲ್ಲಿ ಓದುವ ಭಾಷೆಯಲ್ಲೂ ಅರ್ಥ ಹೇಳಲು ಬರಬೇಕು. ನಾಳೆ ಪ್ರಶ್ನೆಗಳು ಬರುವುದು ಆ ಭಾಷೆಯಲ್ಲೇ.

ಮೂರನೆಯದು, ತಿಂಗಳಿಗೊಂದು ಪ್ರಾರ್ಥನೆ ಮತ್ತು ಅದಕ್ಕೆ ಹೊಂದುವ ಒಂದು ನಡತೆ. ಉಣ್ಣುವಾಗ, ಮಲಗುವಾಗ, ಮನೆಯಿಂದ ಹೊರಡುವಾಗ ಹೇಳುವ ಪ್ರಾರ್ಥನೆಗಳಿಂದ ಆರಂಭಿಸಿರಿ. ನಾಲ್ಕು ವರ್ಷಗಳಲ್ಲಿ 48 ಪ್ರಾರ್ಥನೆಗಳು, 48 ಅಭ್ಯಾಸಗಳು.

ನಾಲ್ಕು ವರ್ಷಗಳು

ಮೊದಲ ವರ್ಷ: ಅಲ್ಲಾಹನ ಅರಿವು ಮತ್ತು ಪ್ರವಾದಿಗಳ ಚರಿತ್ರೆ. ಕುರ್‌ಆನಿನಲ್ಲಿ 25 ಪ್ರವಾದಿಗಳ ಹೆಸರುಗಳಿವೆ. ಆದಮ್(ಅ)ರಿಂದ ಈಸಾ(ಅ)ರವರೆಗೆ ತಿಂಗಳಿಗೆ ಇಬ್ಬರಂತೆ ಸಾಗಬಹುದು. ಇಬ್ರಾಹೀಮ್(ಅ), ಮೂಸಾ(ಅ), ಯೂಸುಫ್(ಅ)ರಿಗೆ ಹೆಚ್ಚು ಸಮಯ ಕೊಡಿರಿ. ವರ್ಷದ ನಡತೆ: ಸತ್ಯ ಮತ್ತು ಹೆತ್ತವರ ಸೇವೆ. ಕರ್ಮಶಾಸ್ತ್ರದಲ್ಲಿ ಶುದ್ಧಿ ಮತ್ತು ವುಝೂ.

ಎರಡನೇ ವರ್ಷ: ಪ್ರವಾದಿವರ್ಯರ(ಸ) ಮಕ್ಕಾ ಜೀವನ. ತಬ್ಬಲಿ ಬಾಲ್ಯ, ವ್ಯಾಪಾರದಲ್ಲಿ ಪ್ರಾಮಾಣಿಕತೆ, 610ರಲ್ಲಿ ಹಿರಾ ಗುಹೆಯಲ್ಲಿ ಬಂದ ಮೊದಲ ದಿವ್ಯಸಂದೇಶ, ಬಿಲಾಲ್(ರ) ಮತ್ತು ಸುಮಯ್ಯಾ(ರ)ರ ತ್ಯಾಗ, ಅಬಿಸೀನಿಯಾಕ್ಕೆ ವಲಸೆ, ಅಬೂತಾಲಿಬರ ಕಣಿವೆಯ ಬಹಿಷ್ಕಾರ, ತಾಇಫ್, 622ರ ಹಿಜ್ರತ್. ವರ್ಷದ ನಡತೆ: ಸಹನೆ. ಕರ್ಮಶಾಸ್ತ್ರದಲ್ಲಿ ನಮಾಝ್, ಅದರಲ್ಲಿ ಓದುವುದರ ಅರ್ಥ ಸಹಿತ.

ಮೂರನೇ ವರ್ಷ: ಮದೀನಾ ಜೀವನ. ಮಸೀದಿಯ ನಿರ್ಮಾಣ, ಮುಹಾಜಿರ್ ಮತ್ತು ಅನ್ಸಾರರ ಸೋದರತೆ, ಬದ್ರ್, ಉಹುದ್, ಕಂದಕ, 628ರ ಹುದೈಬಿಯಾ ಒಪ್ಪಂದ, 630ರ ಮಕ್ಕಾ ವಿಜಯ ಮತ್ತು ಅಂದಿನ ಕ್ಷಮೆ, 632ರ ವಿದಾಯ ಹಜ್ಜ್. ವರ್ಷದ ನಡತೆ: ಜನರ ಹಕ್ಕುಗಳು. ನೆರೆಯವನು, ಕೂಲಿಯವನು, ಅನಾಥ, ಬೇರೆ ಧರ್ಮದ ಗೆಳೆಯ, ಇವರೆಲ್ಲರ ಹಕ್ಕುಗಳು ಇಲ್ಲಿ ಬರಬೇಕು. ಕರ್ಮಶಾಸ್ತ್ರದಲ್ಲಿ ಉಪವಾಸ, ಝಕಾತ್ ಮತ್ತು ವ್ಯಾಪಾರ. ಬಡ್ಡಿಯ ಪ್ರಶ್ನೆಗೆ ಹಿರಿಯ ಮಕ್ಕಳು ಉತ್ತರ ಹುಡುಕುವುದು ಈ ವರ್ಷವೇ. ಝಕಾತ್ ಎಂದರೆ ನಲವತ್ತರಲ್ಲಿ ಒಂದು ಭಾಗ. ಮನೆಯ ಝಕಾತ್ ಲೆಕ್ಕವನ್ನು ಹನ್ನೆರಡು ದಾಟಿದ ಮಗ ಅಥವಾ ಮಗಳೇ ಹಾಕಿಕೊಡಲಿ.

ನಾಲ್ಕನೇ ವರ್ಷ: ಸಹಾಬಿಗಳು ಮತ್ತು ನಮ್ಮ ನಾಡು. ವರ್ಷದ ಮೊದಲ ಭಾಗದಲ್ಲಿ 632ರಿಂದ 661ರವರೆಗಿನ ನಾಲ್ವರು ಖಲೀಫರು ಹಾಗೂ ಖದೀಜಾ(ರ), ಆಇಶಾ(ರ), ಫಾತಿಮಾ(ರ), ಉಮ್ಮು ಸಲಮಾ(ರ) ಮುಂತಾದ ಮಹಿಳೆಯರು. ಉಳಿದ ಭಾಗದಲ್ಲಿ ಇಸ್ಲಾಮ್ ನಮ್ಮ ನಾಡಿನಲ್ಲಿ ಬೇರೂರಿದ ಬಗೆ. 14ನೇ ಶತಮಾನದಲ್ಲಿ ಈ ಕರಾವಳಿಯಲ್ಲಿ ಸಂಚರಿಸಿದ ಮೊರೊಕ್ಕೋದ ಪ್ರವಾಸಿ ಇಬ್ನು ಬತೂತ, ಹೊನ್ನಾವರದಲ್ಲಿ ಹೆಣ್ಣುಮಕ್ಕಳ 13 ಮತ್ತು ಗಂಡುಮಕ್ಕಳ 23 ಪಾಠಶಾಲೆಗಳನ್ನು ಕಂಡುದಾಗಿಯೂ ಅಲ್ಲಿನ ಸ್ತ್ರೀಯರು ಕುರ್‌ಆನ್ ಕಂಠಪಾಠ ಬಲ್ಲವರೆಂದೂ ಬರೆದಿದ್ದಾನೆ. ಬೀದರ್‌ನಲ್ಲಿ ಬಹಮನಿ ಮಂತ್ರಿ ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮದ್ರಸದ ಕಟ್ಟಡ, ಅರ್ಧ ಹಾಳಾಗಿದ್ದರೂ, ಇಂದಿಗೂ ನಿಂತಿದೆ. ರಜೆಯಲ್ಲಿ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯಿರಿ. ವಿದ್ಯೆಯೆಂಬುದು ತಮ್ಮ ನೆಲದಲ್ಲಿ ಐನೂರು ವರ್ಷಗಳಿಗೂ ಹಿಂದಿನ ಬಾಳಿಕೆಯೆಂದು ಅವರ ಕಣ್ಣೇ ಅವರಿಗೆ ಹೇಳಲಿ. ವರ್ಷದ ನಡತೆ: ಹೊಣೆಗಾರಿಕೆ. ಕರ್ಮಶಾಸ್ತ್ರದಲ್ಲಿ ಹಜ್ಜ್, ಹಲಾಲ್ ಸಂಪಾದನೆ, ಮತ್ತು ಹಿರಿಯರಿಗೆ ವಾರಸು ಹಕ್ಕಿನ ಮೂಲಪಾಠ.

ಕರ್ಮಶಾಸ್ತ್ರದ ಬಗ್ಗೆ ಒಂದು ಮಾತು. ಕರಾವಳಿಯಲ್ಲಿ ಹೆಚ್ಚಿನ ಮನೆಗಳು ಶಾಫಿಈ ಮಝ್‌ಹಬನ್ನೂ ಘಟ್ಟದ ಮೇಲಿನ ಹೆಚ್ಚಿನ ಮನೆಗಳು ಹನಫೀ ಮಝ್‌ಹಬನ್ನೂ ಅನುಸರಿಸುತ್ತವೆ. ಕಿರಿಯರಿಗೆ ನಿಮ್ಮ ಮನೆಯ ಕ್ರಮವನ್ನು ಮಾತ್ರ ಕಲಿಸಿರಿ. ಹನ್ನೆರಡು ದಾಟಿದವರಿಗೆ ಇನ್ನೊಂದು ಕ್ರಮವೂ ವಿದ್ವಾಂಸರ ಆಧಾರವುಳ್ಳದ್ದೆಂದು ತಿಳಿಸಿರಿ. ಹಾಗಾದರೆ ಹಾಸ್ಟೆಲಿನಲ್ಲಿ ಪಕ್ಕದವನು ಬೇರೆ ರೀತಿ ಕೈಕಟ್ಟಿ ನಿಂತುದನ್ನು ಕಂಡು ಅವರು ಜಗಳಕ್ಕಿಳಿಯಲಾರರು.

ಈಗ ಈ ಸುತ್ತಿನ ಪ್ರಯೋಜನ ನೋಡಿರಿ. ಇಂದು ಐದು ವರ್ಷದ ಮಗು ಮೊದಲ ಸುತ್ತು ಮುಗಿಸುವಾಗ ಒಂಬತ್ತಾಗಿರುತ್ತದೆ. ಎರಡನೇ ಸುತ್ತಿನಲ್ಲಿ ಅದೇ ವಿಷಯಗಳನ್ನು 'ಹೇಳುವವ'ನಾಗಿ, ಹದಿಮೂರರಿಂದ ಮೂರನೇ ಸುತ್ತಿನಲ್ಲಿ 'ವಿಚಾರಿಸುವವ'ನಾಗಿ ಕಲಿಯುತ್ತದೆ. ಹದಿನೇಳರ ಹೊತ್ತಿಗೆ ಯೂಸುಫ್(ಅ)ರ ಕತೆಯನ್ನು ಮೂರು ವಯಸ್ಸುಗಳ ಕಣ್ಣಿನಿಂದ ಕಂಡಿರುತ್ತದೆ. ಎಂಟರ ಮಗುವಿಗೆ ಎರಡು ಸುತ್ತುಗಳು ಸಿಗುತ್ತವೆ. ಹನ್ನೆರಡರ ಮಗನಿಗೆ ಒಂದೇ ಸುತ್ತು ಸಿಗುವುದರಿಂದ ಇನ್ನೂ ಎರಡು ವರ್ಷ ಕಳೆಯಲೆಂದು ಕಾಯಬೇಡಿರಿ. ನಡುವೆ ಇನ್ನೊಂದು ಮಗು ದೊಡ್ಡದಾದರೆ ಯಾವ ವರ್ಷದಿಂದಲಾದರೂ ಚಾಪೆಗೆ ಬಂದು ಸೇರಬಹುದು. ತಪ್ಪಿದ ವರ್ಷ ಮುಂದಿನ ಸುತ್ತಿನಲ್ಲಿ ತಾನಾಗಿ ಬರುತ್ತದೆ.

ಒಂದು ಪಾಠದ ಮಾದರಿ

ಯೂಸುಫ್(ಅ)ರ ಚರಿತ್ರೆಯನ್ನೇ ತೆಗೆದುಕೊಳ್ಳೋಣ. ಸೂರಃ ಯೂಸುಫ್‌ನಲ್ಲಿ 111 ಸೂಕ್ತಗಳಿವೆ. ಎರಡು ವಾರಗಳಿಗೆ ಹಂಚಿರಿ. ತಾಯಿ ಅಥವಾ ತಂದೆ ದಿನಕ್ಕೆ ಹತ್ತು ನಿಮಿಷ ಎಲ್ಲರಿಗೂ ಕತೆಯ ಒಂದು ಭಾಗ ಹೇಳಲಿ. ಉಳಿದ ಹತ್ತು ನಿಮಿಷ ಮೆಟ್ಟಿಲಿಗೆ ತಕ್ಕ ಪ್ರಶ್ನೆಗಳಿರಲಿ.

ಪುಟ್ಟದರಲ್ಲಿ ಕೇಳಿರಿ: ಕನಸಿನಲ್ಲಿ ಎಷ್ಟು ನಕ್ಷತ್ರಗಳಿದ್ದವು? ಬಾವಿಯೊಳಗೆ ಯೂಸುಫ್(ಅ)ರ ಜೊತೆ ಯಾರಿದ್ದರು? 'ಅಲ್ಲಾಹ್' ಎಂದು ಅದು ಉತ್ತರಿಸಿದರೆ ಆ ದಿನದ ಪಾಠ ಪೂರ್ತಿಯಾಯಿತು.

ನಡುವಿನವಳಲ್ಲಿ ಕೇಳಿರಿ: ಅಣ್ಣಂದಿರು ಹಾಗೇಕೆ ಮಾಡಿದರು? ಹೊಟ್ಟೆಕಿಚ್ಚು ಎಲ್ಲಿಂದ ಆರಂಭವಾಯಿತು? ಅಂಗಿಗೆ ಹಚ್ಚಿದ ಸುಳ್ಳು ರಕ್ತವನ್ನು ತಂದೆ ನಂಬಿದರೇ? ಈಜಿಪ್ಟ್ ಎಲ್ಲಿದೆಯೆಂದು ಶಾಲೆಯ ಅಟ್ಲಾಸಿನಲ್ಲಿ ತೋರಿಸಲಿ.

ಹಿರಿಯವನಲ್ಲಿ ಕೇಳಿರಿ: ಯಾರೂ ನೋಡದ ಕೋಣೆಯಲ್ಲಿ ಕೆಡುಕಿಗೆ ಆಹ್ವಾನ ಬಂದಾಗ ಆ ತರುಣನನ್ನು ಯಾವುದು ತಡೆಯಿತು? ಸೆರೆಮನೆಯಲ್ಲೂ ಜೊತೆಗಾರರಿಗೆ ಏಕದೇವತ್ವವನ್ನು ಸಾರಲು ಹೇಗೆ ಸಾಧ್ಯವಾಯಿತು? ಅಧಿಕಾರ ಕೈಯಲ್ಲಿದ್ದೂ ಅಣ್ಣಂದಿರನ್ನು ಕ್ಷಮಿಸಿದ್ದೇಕೆ? ಇಂದು ಪ್ರತಿ ತರುಣನ ಜೇಬಿನಲ್ಲೂ ಮೊಬೈಲ್ ಎಂಬ ಆ ಬಾಗಿಲು ಮುಚ್ಚಿದ ಕೋಣೆಯಿದೆ. ಬೈಗುಳದಿಂದ ಹೇಳಲಾಗದ ಮಾತನ್ನು ಈ ಕತೆ ಅವನ ಹೃದಯಕ್ಕೆ ಹೇಳುತ್ತದೆ. ಆ ಭಾಗವನ್ನು ಪುಟ್ಟವರು ಮಲಗಿದ ಮೇಲೆ ತಂದೆ ಮಗನೊಂದಿಗೆ, ತಾಯಿ ಮಗಳೊಂದಿಗೆ ಬೇರೆಯಾಗಿ ಕೂತು ಮಾತನಾಡಲಿ.

ಕಿರಿಯವರ ಸರದಿ ಯಾವಾಗಲೂ ಮೊದಲು ಬರಲಿ. ಪ್ರವಾದಿವರ್ಯರು(ಸ) ಒಮ್ಮೆ, ಎಲೆ ಉದುರದ, ಸತ್ಯವಿಶ್ವಾಸಿಯನ್ನು ಹೋಲುವ ಮರ ಯಾವುದೆಂದು ಸಭೆಯಲ್ಲಿ ಕೇಳಿದರು. ಅದು ಖರ್ಜೂರದ ಮರವೆಂದು ಬಾಲಕ ಇಬ್ನು ಉಮರ್(ರ)ರಿಗೆ ಹೊಳೆದಿತ್ತು. ಆದರೆ ಹಿರಿಯರು ಸುಮ್ಮನಿದ್ದುದನ್ನು ಕಂಡು ಸಂಕೋಚದಿಂದ ಬಾಯಿ ತೆರೆಯಲಿಲ್ಲ. ಬಳಿಕ ಇದನ್ನು ತಿಳಿದ ತಂದೆ ಉಮರ್(ರ), ನೀನು ಹೇಳಿದ್ದರೆ ನನಗೆ ಎಷ್ಟು ಸಂತೋಷವಾಗುತ್ತಿತ್ತೆಂದರು. ನಿಮ್ಮ ಮನೆಯ ಪುಟ್ಟ ಬಾಯಿಯೂ ಅಣ್ಣನ ಅವಸರದ ಉತ್ತರದ ಮುಂದೆ ಮುಚ್ಚಿಹೋಗಬಾರದು.

ವಾರ, ರಮಝಾನ್ ಮತ್ತು ಪರೀಕ್ಷೆ

ಮಗ್ರಿಬ್ ಮತ್ತು ಇಶಾದ ನಡುವೆ ಇಪ್ಪತ್ತು ನಿಮಿಷ ಸಾಕು. ವಾರದಲ್ಲಿ ನಾಲ್ಕು ದಿನ ಪಾಠ, ಒಂದು ದಿನ ಹಿಂದಿನದರ ಪುನರಾವರ್ತನೆ, ಒಂದು ದಿನ ಮಕ್ಕಳದೇ ಪ್ರಶ್ನೆಗಳು, ಒಂದು ದಿನ ಬಿಡುವು. ಜನರಿಗೆ ಬೇಸರವಾಗದಿರಲೆಂದು ಪ್ರವಾದಿವರ್ಯರು(ಸ) ದಿನವೂ ಉಪದೇಶಿಸದೆ ಬಿಡುವು ಕೊಡುತ್ತಿದ್ದರೆಂದು ಹ. ಇಬ್ನು ಮಸ್‌ಊದ್(ರ) ತಿಳಿಸಿದ್ದಾರೆ. ತಾವೂ ಗುರುವಾರಗಳಂದು ಮಾತ್ರ ಉಪದೇಶಿಸುತ್ತಿದ್ದರು. ಆ ಇಪ್ಪತ್ತು ನಿಮಿಷ ಟಿ.ವಿ. ಆರಿರಲಿ, ಹೆತ್ತವರ ಮೊಬೈಲ್ ಸಹಿತ ಎಲ್ಲ ಫೋನ್‌ಗಳು ಬೇರೆ ಕೋಣೆಯಲ್ಲಿರಲಿ. ತಂದೆ ಗಲ್ಫ್‌ನಲ್ಲಿದ್ದರೆ ಪುನರಾವರ್ತನೆಯ ದಿನ ಫೋನ್ ಚಾಪೆಗೆ ಬರಲಿ. ವಾರದ ಮೂರು ಸೂಕ್ತಗಳನ್ನು ಮಕ್ಕಳು ಅವರಿಗೇ ಒಪ್ಪಿಸಲಿ. ದೂರದಲ್ಲಿದ್ದರೂ ತರ್ಬಿಯತ್ತಿನ ಹೊಣೆಯಲ್ಲಿ ಅವರ ಪಾಲು ಹಾಗೆ ಉಳಿಯುತ್ತದೆ.

ಯೋಜನೆಯನ್ನು ಶಾಲೆಯ ವರ್ಷದಂತೆ ಜೂನ್‌ನಿಂದ ಆರಂಭಿಸುವುದು ಅನುಕೂಲ. ಆದರೆ ಚಾಂದ್ರ ವರ್ಷ ಸುಮಾರು 11 ದಿನ ಕಡಿಮೆಯಾದುದರಿಂದ ನಾಲ್ಕು ವರ್ಷಗಳಲ್ಲಿ ರಮಝಾನ್ ಸುಮಾರು ಒಂದೂವರೆ ತಿಂಗಳು ಹಿಂದೆ ಸರಿಯುತ್ತದೆ. ಪ್ರತಿ ಜೂನ್‌ನಲ್ಲಿ ಕ್ಯಾಲೆಂಡರ್ ನೋಡಿ ರಮಝಾನ್ ಮತ್ತು ಪರೀಕ್ಷೆ ಎಲ್ಲಿ ಬರುತ್ತವೆಂದು ಗುರುತು ಹಾಕಿರಿ. ರಮಝಾನ್‌ನಲ್ಲಿ ಪುಸ್ತಕದ ಪಾಠ ನಿಲ್ಲಿಸಿ ಕುರ್‌ಆನ್ ಪಾರಾಯಣ ಮಾತ್ರ ಇರಲಿ. ಎಸ್ಸೆಸ್ಸೆಲ್ಸಿಯ ವರ್ಷದಲ್ಲಿ ಆ ಮಗುವಿಗೆ ಬರೆಯುವ ಕೆಲಸ ಬೇಡ, ಚಾಪೆಯ ಮೇಲೆ ಕೂರುವುದನ್ನು ಮಾತ್ರ ಬಿಡಿಸಬೇಡಿರಿ. ಅಲ್ಪವಾದರೂ ನಿರಂತರವಾದ ಕರ್ಮವೇ ಅಲ್ಲಾಹನಿಗೆ ಅತ್ಯಂತ ಪ್ರಿಯವೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ.

ಕೆಲವು ಎಚ್ಚರಿಕೆಗಳು

ಮಕ್ಕಳನ್ನು ಒಬ್ಬರಿಗೊಬ್ಬರು ಹೋಲಿಸಬೇಡಿರಿ. ಕಿರಿಯವನು ಮುಂದೆ ಹೋದರೆ ಅದು ಹಿರಿಯವನ ಅವಮಾನವಲ್ಲ. ದಾರಿಹೋಕ ತಂಡಗಳಿಂದ ಕುರ್‌ಆನ್ ಕೇಳಿ ಕಲಿತ ಅಮ್ರ್ ಬಿನ್ ಸಲಿಮಾ(ರ) ಆರೇಳು ವರ್ಷದವರಿದ್ದಾಗಲೇ ತಮ್ಮ ಗೋತ್ರದ ನಮಾಝ್‌ಗೆ ಇಮಾಮರಾದರು. ಹಿರಿಯರು ಅವರ ಹಿಂದೆ ನಿಂತರು.

ಕಾರಣ ಹೇಳದೆ ನಿಷೇಧಿಸಬೇಡಿರಿ. ಪುಟ್ಟ ಹಸನ್(ರ) ಝಕಾತ್‌ನ ಖರ್ಜೂರವೊಂದನ್ನು ಬಾಯಿಗೆ ಹಾಕಿಕೊಂಡಾಗ ಪ್ರವಾದಿವರ್ಯರು(ಸ) ಅದನ್ನು ಉಗುಳಿಸಿದರು. ಜೊತೆಗೆ, ನಾವು ಝಕಾತ್‌ನ ವಸ್ತು ತಿನ್ನುವವರಲ್ಲವೆಂಬ ಕಾರಣವನ್ನೂ ಆ ಮಗುವಿಗೆ ಹೇಳಿದರು.

ಉತ್ತರ ಗೊತ್ತಿಲ್ಲದಿದ್ದರೆ ಊಹಿಸಿ ಹೇಳಬೇಡಿರಿ. ಒಂದು ನೋಟ್‌ಬುಕ್ಕಿನಲ್ಲಿ ಆ ಪ್ರಶ್ನೆಯನ್ನು ಬರೆದಿಡಿ. ಶುಕ್ರವಾರ ಉಸ್ತಾದರಲ್ಲಿ ಕೇಳಿ ಬರುವ ಕೆಲಸ ಹಿರಿಯ ಮಗನದಾಗಲಿ. ಹೆತ್ತವರಿಗೆ ತಿಳಿಯದ್ದೂ ಇದೆ, ಅದನ್ನು ಕೇಳಿ ತಿಳಿಯುವುದೇ ಕ್ರಮ ಎಂಬುದು ಮಗುವಿಗೆ ದೊಡ್ಡ ಪಾಠ.

ಬಹುಮಾನದ ಆಸೆ ತೋರಿಸಿದ್ದರೆ ತಪ್ಪದೆ ಕೊಡಿರಿ. ತಾಯಿಯೊಬ್ಬಳು ಏನೋ ಕೊಡುವೆನೆಂದು ಮಗನನ್ನು ಕರೆದಾಗ ಪ್ರವಾದಿವರ್ಯರು(ಸ) ಏನು ಕೊಡಬಯಸಿದೆಯೆಂದು ಕೇಳಿದರು. ಖರ್ಜೂರ ಎಂದಳು. ಕೊಡದೆ ಇದ್ದಿದ್ದರೆ ನಿನ್ನ ಮೇಲೆ ಒಂದು ಸುಳ್ಳು ದಾಖಲಾಗುತ್ತಿತ್ತೆಂದು ಅವರು ಎಚ್ಚರಿಸಿದರು. ಸತ್ಯದ ಪಾಠ ಹೇಳುವ ಬಾಯಿಯೇ ಸುಳ್ಳು ಹೇಳಿದರೆ ವರ್ಷದ ಶ್ರಮ ಒಂದು ಕ್ಷಣದಲ್ಲಿ ಕರಗುತ್ತದೆ.

ಕಲಿತರೆಂದು ತಿಳಿಯುವುದು ಹೇಗೆ?

ಅಂಕಪಟ್ಟಿ ಬೇಡ. ಪ್ರವಾದಿವರ್ಯರ(ಸ) ಆರೈಕೆಯಲ್ಲಿ ಬೆಳೆದ ಬಾಲಕ ಉಮರ್ ಬಿನ್ ಅಬೀ ಸಲಮಾ(ರ)ರ ಕೈ ಊಟದ ತಟ್ಟೆಯ ತುಂಬ ಓಡಾಡುತ್ತಿತ್ತು. ಅಲ್ಲಾಹನ ನಾಮ ಹೇಳಿ, ಬಲಗೈಯಿಂದ, ನಿನ್ನ ಹತ್ತಿರವಿರುವುದನ್ನು ತಿನ್ನು ಎಂದು ಪ್ರವಾದಿವರ್ಯರು(ಸ) ಕಲಿಸಿದರು. ಅಂದಿನಿಂದ ತನ್ನ ಊಟದ ರೀತಿ ಅದೇ ಆಗಿ ಉಳಿಯಿತೆಂದು ಅವರು ದೊಡ್ಡವರಾದ ಮೇಲೆ ನೆನೆದರು. ಪಾಠ ಹೇಳಿದ್ದು ಒಮ್ಮೆ, ಅದು ಉಳಿದದ್ದು ಬದುಕಿನುದ್ದಕ್ಕೂ.

ವರ್ಷದ ಕೊನೆಯಲ್ಲಿ ತಂದೆತಾಯಿ ಇಬ್ಬರೂ ಕೂತು ಪ್ರತಿ ಮಗುವಿನ ಕುರಿತು ಮೂರು ಪ್ರಶ್ನೆ ಕೇಳಿಕೊಳ್ಳಿರಿ. ಯಾರೂ ಕರೆಯದೆ ನಮಾಝ್‌ಗೆ ಏಳುವುದು ಕಳೆದ ವರ್ಷಕ್ಕಿಂತ ಹೆಚ್ಚಾಗಿದೆಯೇ? ತಪ್ಪು ಮಾಡಿದಾಗ ಸತ್ಯ ಹೇಳುವ ಧೈರ್ಯ ಬಂದಿದೆಯೇ? ಮನಸ್ಸಿನಲ್ಲಿ ಪ್ರಶ್ನೆ ಎದ್ದಾಗ ಮೊದಲು ನಮ್ಮಲ್ಲಿಗೆ ಬರುತ್ತದೆಯೇ? ಮೂರನೆಯದಕ್ಕೆ ಹೌದೆಂಬ ಉತ್ತರವಿದ್ದರೆ, ಹದಿನೇಳನೇ ವಯಸ್ಸಿನ ಆ ಕಠಿಣ ಪ್ರಶ್ನೆಗಳನ್ನೂ ಮಗು ನಿಮ್ಮ ಬಳಿಗೇ ತರುತ್ತದೆಂದು ಅಲ್ಲಾಹನ ಕೃಪೆಯಿಂದ ಆಶಿಸಬಹುದು.

ಇದಕ್ಕೆ ದೊಡ್ಡ ಮನೆ ಬೇಕಿಲ್ಲ, ಹೆಚ್ಚು ಓದಿದ ತಾಯಿಯೇ ಆಗಬೇಕೆಂದಿಲ್ಲ. ಒಂದು ಚಾಪೆ, ಕುರ್‌ಆನಿನ ಒಂದು ಅನುವಾದ, ಪ್ರವಾದಿ ಚರಿತ್ರೆಯ ಒಂದು ಪುಸ್ತಕ, ಒಂದು ನೋಟ್‌ಬುಕ್ ಮತ್ತು ದಿನಕ್ಕೆ ಇಪ್ಪತ್ತು ನಿಮಿಷ ಸಾಕು. ಇಂದಿನ ಮಗ್ರಿಬ್‌ನ ಬಳಿಕ ಮೂರು ಸೂಕ್ತಗಳಿಂದ ಆರಂಭಿಸಿರಿ.

ನಮ್ಮ ಸಂಗಾತಿಗಳನ್ನೂ ಸಂತತಿಯನ್ನೂ ಅಲ್ಲಾಹನು ನಮ್ಮ ಕಣ್ಣುಗಳಿಗೆ ತಂಪಾಗಿಸಲಿ, ನಮ್ಮ ಮನೆಗಳನ್ನು ಅರಿವಿನ ಮನೆಗಳಾಗಿಸಲಿ. ಆಮೀನ್.